20+1ರಲ್ಲಿ ಆ ‘1’ ಯಾರ ಹೊಣೆ? ಕುರಿ ಯೋಜನೆ ರೂಪಿಸುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಹಾಗೂ
ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ಬೆಂಗಳೂರು

ಮಾನ್ಯರೇ,

ಸಣ್ಣ ಕುರಿಗಾಹಿಗೆ ಸರ್ಕಾರ ಕೊಡುವ ಘಟಕ ಎಂದರೆ 20 ಕುರಿ, 1 ಟಗರು. ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯೂ ಬಂದದ್ದು ಇದೇ ಲೆಕ್ಕದಲ್ಲಿ. ಬಲಿತ ಟಗರೊಂದು 25–30 ಕುರಿಗಳನ್ನು ಸಲೀಸಾಗಿ ನಿಭಾಯಿಸುತ್ತದೆ, ಹಾಗಾಗಿ ಮೊದಲ ವರ್ಷಕ್ಕೆ ಈ ಲೆಕ್ಕದಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಎರಡನೇ ವರ್ಷದಲ್ಲಿ. ಬಂದ ಟಗರು ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು, ಅದರ ಜಾಗಕ್ಕೆ ಬರುವುದು ಎಲ್ಲಿಂದ? ಈ ಮೂರು ಪ್ರಶ್ನೆಗೆ ಘಟಕ ಪಡೆದವರ ಕೈಯಲ್ಲಿ ಉತ್ತರವಿರುವುದಿಲ್ಲ. ಉತ್ತರವಿಲ್ಲದ ಕಡೆ ಟಗರು ಅಲ್ಲೇ ಉಳಿಯುತ್ತದೆ, ತನ್ನ ಮಗಳ ಮೇಲೆಯೇ ಹಾರುತ್ತದೆ. ಒಂದೇ ಬೆಡಗಿನೊಳಗೆ ಹೆಣ್ಣು ತರಬಾರದೆಂದು ಪಟ್ಟು ಹಿಡಿಯುವ ಮನೆಗಳ ರೊಪ್ಪದಲ್ಲೇ ಇದು ನಡೆಯುತ್ತಿದೆ.

ಯೋಜನೆ ಬೇಡ ಎನ್ನುವವರು ನಾವಲ್ಲ. ಮಂಡ್ಯ–ಮೈಸೂರು ಸೀಮೆಯ ಬಂಡೂರು ಕುರಿಯನ್ನು ಮುಂದಿಟ್ಟುಕೊಂಡು, ಇನ್‌ಬ್ರೀಡಿಂಗ್ (ಹತ್ತಿರದ ರಕ್ತಸಂಬಂಧಿಗಳ ಕೂಡಿಕೆ) ಎಂಬ ಈ ಕಾಣದ ನಷ್ಟ ಎಲ್ಲಿಂದ ಶುರುವಾಗುತ್ತದೆ, ಮರಿಯ ಮೈಯಲ್ಲಿ ಏನು ಮಾಡುತ್ತದೆ, ಇಲಾಖೆಯ ಕೈಯಲ್ಲಿ ಏನಿದೆ ಎಂಬುದನ್ನು ಹೇಳುವುದಷ್ಟೇ ಈ ಪತ್ರದ ಉದ್ದೇಶ.

ತಿಂಗಳುಗಳನ್ನು ಎಣಿಸಿ ನೋಡಿ. ಜೂನ್‌ನಲ್ಲಿ ಟಗರು ರೊಪ್ಪಕ್ಕೆ ಬಂತು ಅನ್ನಿ. ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಮೇವು ಸರಿಯಾಗಿದ್ದರೆ ಎರಡು ಬೆದೆ ಕಳೆಯುವಷ್ಟರಲ್ಲಿ ಬಹುಪಾಲು ಕುರಿಗಳು ಗಬ್ಬ ಕಟ್ಟಿರುತ್ತವೆ. ಗಬ್ಬದ ಅವಧಿ ಹೆಚ್ಚುಕಡಿಮೆ 150 ದಿನ, ಅಂದರೆ ನವೆಂಬರ್–ಡಿಸೆಂಬರ್‌ಗೆ ಮರಿ. ಆ ಟಗರುಮರಿಗಳು 5–6 ತಿಂಗಳಿಗೇ, ಏಪ್ರಿಲ್–ಮೇ ಹೊತ್ತಿಗೆ, ಗಬ್ಬ ಕಟ್ಟಿಸುವಷ್ಟು ಬೆಳೆದಿರುತ್ತವೆ. ಆಗಲೇ ತಾಯಂದಿರೂ ಮತ್ತೆ ಬೆದೆಗೆ ಬಂದಿರುತ್ತವೆ. ಹೆಣ್ಣುಮರಿಗಳು ಚೆನ್ನಾಗಿ ಮೇಯ್ದರೆ 8–10 ತಿಂಗಳಿಗೆ, ಅಂದರೆ ಮುಂದಿನ ಜುಲೈನಿಂದ, ಬೆದೆಗೆ ಬರುತ್ತವೆ. ಆಗ ಎದುರಿಗೆ ನಿಂತಿರುವುದು ಅಪ್ಪ. ಹೀಗೆ ಟಗರು ಬಂದ 11ನೇ ತಿಂಗಳಿಗೆ ಮಗ–ತಾಯಿ, 13ನೇ ತಿಂಗಳಿಗೆ ಅಪ್ಪ–ಮಗಳು. ‘ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ’ ಎಂದು ತರಬೇತಿಗಳಲ್ಲಿ ಹೇಳುವ ಮಾತು ಕೇಳಲು ಚೆಂದ. ಲೆಕ್ಕಕ್ಕೆ ಹನ್ನೊಂದು ತಿಂಗಳು ತಡ.

ಅಪ್ಪ–ಮಗಳು, ಅಮ್ಮ–ಮಗ, ಒಡಹುಟ್ಟಿದ ಅಣ್ಣ–ತಂಗಿ, ಈ ಮೂರರಲ್ಲಿ ಯಾವುದೇ ಕೂಡಿಕೆಯಾದರೂ ಹುಟ್ಟುವ ಮರಿಯ ಇನ್‌ಬ್ರೀಡಿಂಗ್ ಮಟ್ಟ ಶೇ 25. ಅಪ್ಪ ಒಂದೇ, ತಾಯಿ ಬೇರೆಯಾದ ಜೋಡಿಗೆ ಶೇ 12.5. ಅದೇ ಟಗರು ಇನ್ನೂ ಉಳಿದು, ಮಗಳಲ್ಲಿ ತನ್ನಿಂದಲೇ ಹುಟ್ಟಿದ ಹೆಣ್ಣನ್ನೂ ಕೂಡಿದರೆ ಶೇ 37.5. ಈ ಅಂಕಿಯ ಅರ್ಥ ಇಷ್ಟೇ: ಮರಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಜೋಡಿಯಾಗಿ ಬರುವ ವಂಶವಾಹಿಗಳು ಎರಡೂ ಒಬ್ಬನೇ ಹಿರಿಯನ ಒಂದೇ ಪ್ರತಿಯಾಗಿರುವ ಸಾಧ್ಯತೆ ಎಷ್ಟು ಎಂಬುದು. ಪ್ರತಿ ಕುರಿಯೂ ಒಂದಿಷ್ಟು ಕೆಟ್ಟ ವಂಶವಾಹಿಗಳನ್ನು ಹೊತ್ತಿರುತ್ತದೆ. ಜೋಡಿಯಲ್ಲಿ ಒಂದು ಒಳ್ಳೆಯದಿದ್ದರೆ ಕೆಟ್ಟದ್ದು ತೆಪ್ಪಗಿರುತ್ತದೆ. ಎರಡೂ ಕಡೆಯಿಂದ ಅದೇ ಬಂದಾಗ ಮೇಲೆದ್ದು ಕಾಣುತ್ತದೆ.

ಹಿಂಡಿನ ಮಟ್ಟಕ್ಕೆ ಬಂದರೆ ಸೂತ್ರ ಸರಳ. ಹೊರಗಿನಿಂದ ಟಗರು ಬಾರದ ಮುಚ್ಚಿದ ಹಿಂಡಿನಲ್ಲಿ, ಟಗರುಗಳ ಸಂಖ್ಯೆಯ ಎಂಟು ಪಟ್ಟಿನಿಂದ 1ನ್ನು ಭಾಗಿಸಿ, ಕುರಿಗಳ ಸಂಖ್ಯೆಯ ಎಂಟು ಪಟ್ಟಿನಿಂದ 1ನ್ನು ಭಾಗಿಸಿ, ಎರಡನ್ನೂ ಕೂಡಿ. ಒಂದು ತಲೆಮಾರಿಗೆ ಇನ್‌ಬ್ರೀಡಿಂಗ್ ಎಷ್ಟು ಏರುತ್ತದೆ ಎಂಬುದು ಸಿಗುತ್ತದೆ. 20+1ಕ್ಕೆ ಅದು ಶೇ 13. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಳಿ ಸಂರಕ್ಷಣೆಗೆ ಹಾಕಿರುವ ಮಿತಿ ತಲೆಮಾರಿಗೆ ಶೇ 1. ನಮ್ಮ ಘಟಕ ಆ ಮಿತಿಯ ಹದಿಮೂರು ಪಟ್ಟು. ಟಗರು ಎರಡಾದರೆ ಏರಿಕೆ ಶೇ 7ರ ಆಸುಪಾಸಿಗೆ ಇಳಿಯುತ್ತದೆ. ಕುರಿಗಳನ್ನು 20ರಿಂದ 40ಕ್ಕೆ ಏರಿಸಿ ಟಗರು ಒಂದನ್ನೇ ಇಟ್ಟರೆ ಏನೂ ಆಗುವುದಿಲ್ಲ, ಶೇ 12.8ರಲ್ಲೇ ನಿಲ್ಲುತ್ತದೆ. ಹಿಂಡಿನ ರಕ್ತವನ್ನು ಇಕ್ಕಟ್ಟು ಮಾಡುವುದು ಟಗರಿನ ಸಂಖ್ಯೆಯೇ ಹೊರತು ಕುರಿಯದಲ್ಲ.

ರಾಷ್ಟ್ರೀಯ ಜಾನುವಾರು ಮಿಷನ್ನಿನ ದೊಡ್ಡ ಘಟಕಗಳಿಗೂ ಇದೇ ಸೂತ್ರ. 100+5ಕ್ಕೆ ಶೇ 2.6, 500+25ಕ್ಕೆ ಶೇ 0.5. ನೋಡಲು ನೆಮ್ಮದಿ. ಆದರೆ ಆ ಐದು ಟಗರುಗಳು ಒಂದೇ ಫಾರಂನ ಒಂದೇ ಅಪ್ಪನ ಮಕ್ಕಳಾದರೆ ಅವು ಐದಲ್ಲ. ಬಿಲ್ಲಿನಲ್ಲಿ ಐದು ತಲೆ, ವಂಶದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕುರಿಯನ್ನೂ ಟಗರನ್ನೂ ಒಬ್ಬನೇ ಮಾರಾಟಗಾರನಿಂದ ಕೊಳ್ಳುವ ಕಡೆಯಂತೂ ಕೆಲವು ಕುರಿಗಳು ಬಂದ ದಿನವೇ ಟಗರಿನ ತಂಗಿಯರಾಗಿರಬಹುದು.

ಇನ್ನು ಮರಿಯ ವಿಷಯ. ಒಳ್ಳೆಯ ಮರಿ ಹುಟ್ಟಿದ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಒಂದೆರಡು ಗಂಟೆಯೊಳಗೆ ಮೊಲೆ ಹುಡುಕಿಕೊಳ್ಳುತ್ತದೆ. ರಕ್ತ ಒತ್ತಾದ, ಅಂದರೆ ಇನ್‌ಬ್ರೆಡ್ ಆದ ಮರಿ ಹುಟ್ಟುವಾಗಲೇ ತೂಕದಲ್ಲಿ ಕಡಿಮೆ. ಬಂಡೂರು ಮರಿ ಮೊದಲೇ ಚಿಕ್ಕದು, ಸುಮಾರು 2 ಕೆ.ಜಿ. ಅದರಲ್ಲಿ 200–300 ಗ್ರಾಂ ಕಡಿಮೆಯಾದರೆ ಸಣ್ಣ ಮಾತಲ್ಲ. ಮೈ ಚಿಕ್ಕದಾದಷ್ಟೂ ಶಾಖ ಬೇಗ ಹೋಗುತ್ತದೆ. ಡಿಸೆಂಬರ್ ಬೆಳಗಿನ ಜಾವ ಒದ್ದೆ ಮೈಯಲ್ಲಿ ನಡುಗುವ ಮರಿಗೆ ಚೀಪುವ ತ್ರಾಣವಿರುವುದಿಲ್ಲ. ಕುರಿಯ ಗರ್ಭಕೋಶದ ಮೂಲಕ ಮರಿಗೆ ರೋಗನಿರೋಧಕ ಅಂಶ ದಾಟುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಮರಿಯ ಕರುಳು ಅದನ್ನು ಹೀರುವ ಶಕ್ತಿ ಮೊದಲ 6 ಗಂಟೆಯಲ್ಲಿ ಹೆಚ್ಚು, 24 ಗಂಟೆಗೆ ಮುಗಿಯುತ್ತದೆ. ಮರಿಯ ಪ್ರತಿ ಕೆ.ಜಿ. ತೂಕಕ್ಕೆ ಮೊದಲ ಸಲಕ್ಕೆ 50 ಮಿ.ಲೀ., ದಿನಪೂರ್ತಿ 200 ಮಿ.ಲೀ. ಗಿಣ್ಣು ಹೊಟ್ಟೆ ಸೇರಬೇಕು. 2 ಕೆ.ಜಿ. ಮರಿಗೆ ಅಂದರೆ ಮೊದಲು 100, ದಿನಕ್ಕೆ 400. ತಡವಾಗಿ ಎದ್ದ ಮರಿಗೆ ಇದು ಸಿಗದೆ, ನಾಲ್ಕನೆಯ ದಿನವೋ ಎಂಟನೆಯ ದಿನವೋ ಬೇಧಿಯಿಂದಲೋ ನ್ಯುಮೋನಿಯಾದಿಂದಲೋ ಸಾಯುತ್ತದೆ. ಪುಸ್ತಕದಲ್ಲಿ ಬರೆಯುವುದು ‘ಬೇಧಿ’ ಎಂದು. ಅಪ್ಪ–ಮಗಳು ಎಂದು ಯಾರೂ ಬರೆಯುವುದಿಲ್ಲ.

ಬದುಕಿದ ಮರಿಯ ಬೆಳವಣಿಗೆಗೂ ಲೆಕ್ಕವಿದೆ. ಹಲವು ತಳಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1984ರಲ್ಲಿ ಬಂದ ಪರಾಮರ್ಶೆಯೊಂದರ ಪ್ರಕಾರ ಇನ್‌ಬ್ರೀಡಿಂಗ್ ಶೇ 1 ಏರಿದರೆ ಹುಟ್ಟುತೂಕ ಸರಾಸರಿ 13 ಗ್ರಾಂ, ಹಾಲು ಬಿಡಿಸುವ ಹೊತ್ತಿನ ತೂಕ 110 ಗ್ರಾಂನಷ್ಟು ಇಳಿಯುತ್ತದೆ. ಅಪ್ಪ–ಮಗಳ ಮರಿಗೆ ಇದನ್ನು 25ರಿಂದ ಗುಣಿಸಿ: ಹಾಲು ಬಿಡುವ ಹೊತ್ತಿಗೆ ಎರಡೂಮುಕ್ಕಾಲು ಕೆ.ಜಿ. ಕಡಿಮೆ. ಆ ತಳಿಗಳು ನಮ್ಮವಕ್ಕಿಂತ ದೊಡ್ಡ ಮೈಯವು, ಬಂಡೂರಿಗೆ ಅದೇ ಗ್ರಾಂ ಲೆಕ್ಕ ಹಚ್ಚುವಂತಿಲ್ಲ. ದಿಕ್ಕಂತೂ ಇದೇ. ಬೆಳವಣಿಗೆಗಿಂತ ಹೆಚ್ಚು ಪೆಟ್ಟು ಬೀಳುವುದು ಉಳಿವಿಗೆ ಮತ್ತು ಫಲವಂತಿಕೆಗೆ. ಅದೂ ಎರಡು ಕಡೆಯಿಂದ: ಮರಿಯ ಸ್ವಂತ ಇನ್‌ಬ್ರೀಡಿಂಗ್ ಒಂದು, ತಾಯಿಯದು ಇನ್ನೊಂದು. ಇನ್‌ಬ್ರೆಡ್ ತಾಯಿಗೆ ಹಾಲು ಕಡಿಮೆ, ಮರಿ ನೆಕ್ಕಿ ಎಬ್ಬಿಸುವ ಚುರುಕೂ ಕಡಿಮೆ.

ಕಣ್ಣಿಗೆ ಕಾಣುವ ದೋಷಗಳೂ ಇವೆ. ಕೆಳದವಡೆ ಗಿಡ್ಡವಾಗಿ ಹಲ್ಲು ಮೇಲಿನ ವಸಡಿಗೆ ಕೂಡದಿರುವುದು, ರೆಪ್ಪೆ ಒಳಕ್ಕೆ ಮಡಚಿ ಕೂದಲು ಕಣ್ಣಿಗೆ ಚುಚ್ಚುವುದು, ಒಂದೇ ಬೀಜ ಇಳಿದ ಟಗರುಮರಿ, ಸೀಳು ಅಂಗುಳ, ಗುದದ್ವಾರವೇ ಇಲ್ಲದ ಮರಿ. ಇವು ಅಪರೂಪ. ಜನ ಹೆದರುವುದು ಇವಕ್ಕೆ, ಜೇಬು ಸುಡುವುದು ಮಾತ್ರ ‘ಈ ಸಲ ಮರಿ ಯಾಕೋ ಏಳಲೇ ಇಲ್ಲ’ ಎಂಬ ಮಾಮೂಲಿ ನಷ್ಟ.

ಜಂತುಹುಳುವಿನ ಸಂಗತಿ ಇನ್ನೂ ವಿಚಿತ್ರ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದಲ್ಲಿ ಸೋಯ್ ಎಂಬ ಕುರಿಗಳು ಯಾರ ಆರೈಕೆಯೂ ಇಲ್ಲದೆ ಬದುಕುತ್ತವೆ. ಹೆಚ್ಚು ಇನ್‌ಬ್ರೆಡ್ ಆದವುಗಳ ಹೊಟ್ಟೆಯಲ್ಲಿ ಹುಳು ಹೆಚ್ಚು, ಚಳಿಗಾಲದಲ್ಲಿ ಸಾಯುವುದೂ ಅವೇ ಹೆಚ್ಚು ಎಂದು ಅಲ್ಲಿ 1999ರಲ್ಲಿ ತೋರಿಸಿಕೊಟ್ಟರು. ಹುಳುವಿನ ಔಷಧ ಕುಡಿಸಿದ ಕುರಿಗಳಲ್ಲಿ ಆ ವ್ಯತ್ಯಾಸ ಕಾಣಿಸಲಿಲ್ಲ. ನಮಗೆ ಇದರಲ್ಲಿ ಎರಡು ಸುದ್ದಿ. ಔಷಧ ಸರಿಯಾಗಿ ಕುಡಿಸುವ ಹಿಂಡಿನಲ್ಲಿ ಇನ್‌ಬ್ರೀಡಿಂಗ್ ಕೆಲಕಾಲ ಅಡಗಿ ಕೂರುತ್ತದೆ. ಔಷಧ ಕೆಲಸ ಮಾಡದಾದ ದಿನ ಒಮ್ಮೆಲೇ ಹೊರಬೀಳುತ್ತದೆ. ಒಂದೇ ಔಷಧವನ್ನು ವರ್ಷವರ್ಷವೂ ಕುಡಿಸಿ ಹುಳು ಬಗ್ಗದಂತಾದ ಊರುಗಳಿಗೆ ಇದು ದೂರದ ಮಾತಲ್ಲ.

ಬಂಡೂರು ಯಾಕೆ ಎಲ್ಲಕ್ಕಿಂತ ಇಕ್ಕಟ್ಟಿನಲ್ಲಿದೆ? 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿ ಸಂಖ್ಯೆ 1.11 ಕೋಟಿ. ಅದರಲ್ಲಿ ಮಳವಳ್ಳಿ ತಾಲ್ಲೂಕಿನ ಬಂಡೂರು ಸುತ್ತಿನ ಈ ಗಿಡ್ಡಕಾಲಿನ, ಅಗಲ ಎದೆಯ, ಹಿಂದಿನಿಂದ ನೋಡಿದರೆ ತಲೆಕೆಳಗಾದ ‘ಯು’ ಆಕಾರದ ತಳಿಯ ಪಾಲು ತೀರಾ ಚಿಕ್ಕದು. ಬನ್ನೂರು ಕುರಿ ಎಂಬ ಇದರ ಇನ್ನೊಂದು ಹೆಸರಿನಲ್ಲಿ ಸಂತೆಯಲ್ಲಿ ಮಾರುವುದರಲ್ಲಿ ಬೆರಕೆಯೇ ಬಹಳ. ಇರುವ ಅಸಲಿ ಹಿಂಡುಗಳೂ 5, 10, 20 ಕುರಿಗಳವು. ಡೆಕ್ಕನಿ, ಬಳ್ಳಾರಿ ಕುರಿಗಳ ಮಂದೆಗಳು ವಲಸೆ ಹೋಗುವಾಗ ದಾರಿಯಲ್ಲಿ ರಕ್ತ ಬೆರೆಯುತ್ತದೆ. ಬಂಡೂರು ಮನೆ ಬಿಟ್ಟು ಕದಲುವುದಿಲ್ಲ. ಮೇಲೆ ಬಕ್ರೀದ್ ಮಾರುಕಟ್ಟೆ. ಚೆನ್ನಾಗಿ ಮೈ ಕಟ್ಟಿದ ಟಗರುಮರಿ ವರ್ಷ ತುಂಬುವ ಮೊದಲೇ ಲಾರಿ ಹತ್ತುತ್ತದೆ, ಬೀಜಕ್ಕೆ ಉಳಿಯುವುದು ಮಾರಾಟವಾಗದೆ ಉಳಿದದ್ದು. ಇಲ್ಲವೇ ಊರಿಗೇ ಹೆಸರಾದ ಒಂದು ಟಗರು ಎಲ್ಲರ ಕುರಿಗೂ ಹಾರಿ, ಮೂರು ವರ್ಷದಲ್ಲಿ ಸುತ್ತಲ ನಾಲ್ಕಾರು ಹಳ್ಳಿಯ ಮರಿಗಳೆಲ್ಲ ಅದರ ಮಕ್ಕಳು–ಮೊಮ್ಮಕ್ಕಳಾಗುತ್ತವೆ. ಆಮೇಲೆ ಪಕ್ಕದ ಊರಿನಿಂದ ಟಗರು ತಂದರೂ ಅದು ಹೊರಗಿನದಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ: ಹೊರಗಿನ ರಕ್ತ ತಂದರೆ ಬಂಡೂರು ಗುಣ ಕೆಡುತ್ತದೆ ಎಂದು. ಹೊರಗಿನದು ಎಂದರೆ ಹೊರ ತಳಿ ಎಂದು ನಾವು ಹೇಳುತ್ತಿಲ್ಲ. ಡಾರ್ಪರ್ ಎಂಬ ವಿದೇಶಿ ಮಾಂಸದ ತಳಿ ಬೆರೆಸಿ ಮರಿ ದಪ್ಪ ಮಾಡುವುದು ಬೇರೆಯದೇ ದಾರಿ, ಅದರಲ್ಲಿ ತಳಿಯೇ ಹೋಗುತ್ತದೆ. ನಾವು ಕೇಳುತ್ತಿರುವುದು ಬಂಡೂರಿನದೇ, ಆದರೆ ಸಂಬಂಧವಿಲ್ಲದ ಟಗರು. ಕುರಿಗಳು ಎಷ್ಟೇ ಇನ್‌ಬ್ರೆಡ್ ಆಗಿರಲಿ, ಸಂಬಂಧವಿಲ್ಲದ ಟಗರಿನಿಂದ ಹುಟ್ಟಿದ ಮರಿಯ ಇನ್‌ಬ್ರೀಡಿಂಗ್ ಸೊನ್ನೆ. ಒಂದೇ ಸೂಲಿನಲ್ಲಿ ಸೊನ್ನೆ. ತಾಯಿಯ ಕಡೆಯ ಹಾಲಿನ ಕೊರತೆ ಮಾತ್ರ ಇನ್ನೊಂದು ತಲೆಮಾರು ಉಳಿಯುತ್ತದೆ. ಇಷ್ಟು ಅಗ್ಗವಾಗಿ ಸರಿಹೋಗುವ ತೊಂದರೆ ಪಶುಸಂಗೋಪನೆಯಲ್ಲಿ ಹೆಚ್ಚಿಲ್ಲ.

ಹಾಗಾಗಿ ನಮ್ಮ ಮೊದಲ ಕೋರಿಕೆ: ಟಗರನ್ನು ಘಟಕಕ್ಕೆ ಕೊಟ್ಟು ಮರೆಯಬೇಡಿ, ಸುತ್ತಿಗೆ ಹಾಕಿ. ಒಂದು ಹೋಬಳಿಯ ನಾಲ್ಕು ಫಲಾನುಭವಿಗಳು ಒಂದು ಸುತ್ತು. ನಾಲ್ಕು ಟಗರುಗಳೂ ನಾಲ್ಕು ಮೂಲದವು, ಕುರಿ ಕೊಂಡ ಕಡೆಯದಲ್ಲ. ಹನ್ನೆರಡನೇ ತಿಂಗಳಿಗೆ, ಮೊದಲ ಹೆಣ್ಣುಮರಿ ಬೆದೆಗೆ ಬರುವ ಮುಂಚೆ, ಒಂದನೆಯವರ ಟಗರು ಎರಡನೆಯವರಿಗೆ, ಎರಡನೆಯವರದು ಮೂರನೆಯವರಿಗೆ, ಮೂರನೆಯವರದು ನಾಲ್ಕನೆಯವರಿಗೆ, ನಾಲ್ಕನೆಯವರದು ಒಂದನೆಯವರಿಗೆ. ಯಾವಾಗಲೂ ಒಂದೇ ದಿಕ್ಕಿಗೆ. ನಾಲ್ಕು ವರ್ಷಕ್ಕೆ ಟಗರಿಗೂ ವಯಸ್ಸಾಗಿರುತ್ತದೆ, ಮಾರಬಹುದು.

ಎಡವುವ ಜಾಗ ಆಮೇಲಿನದು. ಸುತ್ತು ಮುಗಿದಾಗ ನಾಲ್ಕೂ ಹಿಂಡುಗಳಲ್ಲಿ ನಾಲ್ಕೂ ಟಗರುಗಳ ಮಕ್ಕಳಿರುತ್ತವೆ. ಅಲ್ಲಿ ಹುಟ್ಟಿದ ಚೆಂದದ ಟಗರುಮರಿಯನ್ನು ಅಲ್ಲೇ ಬೀಜಕ್ಕೆ ಬಿಟ್ಟರೆ ಪಟ್ಟ ಪಾಡೆಲ್ಲ ನೀರಿಗೆ ಬಿದ್ದಂತೆ. ಎರಡನೇ ಸುತ್ತಿನ ಟಗರುಗಳು ಇನ್ನೊಂದು ಹೋಬಳಿಯ ಸುತ್ತಿನಿಂದ ಬರಬೇಕು, ಇಲ್ಲಿಯವು ಅಲ್ಲಿಗೆ ಹೋಗಬೇಕು. ರೈತರು ತಮ್ಮಷ್ಟಕ್ಕೆ ಇದನ್ನು ಹೊಂದಿಸಲಾರರು. ಇಲಾಖೆಯೇ ಹೊಂದಿಸಬೇಕು.

ಟಗರು ಊರೂರು ತಿರುಗಿದರೆ ರೋಗವೂ ತಿರುಗುತ್ತದೆ ಎಂಬ ಭಯ ನ್ಯಾಯವಾದದ್ದೇ. ಪ್ರತಿ ವರ್ಗಾವಣೆಗೆ ಮುಂಚೆ ಪಶುವೈದ್ಯರು ಬೀಜ ಮುಟ್ಟಿ ನೋಡಬೇಕು: ಎರಡೂ ಒಂದೇ ಗಾತ್ರ, ಗಟ್ಟಿಯಾಗಿ, ಗಂಟಿಲ್ಲದೆ ಇರಬೇಕು. ರಕ್ತ ತೆಗೆದು ಬ್ರುಸೆಲ್ಲಾ (ಗಬ್ಬ ಕಳೆಯುವ ರೋಗ) ಪರೀಕ್ಷೆ, ಪಿಪಿಆರ್ (ಕುರಿ–ಮೇಕೆಗಳ ಪ್ಲೇಗ್) ಮತ್ತು ಕರುಳುಬೇನೆಯ ಲಸಿಕೆ, ಜಂತುಹುಳುವಿನ ಔಷಧ, ಹೊಸ ರೊಪ್ಪದಲ್ಲಿ 21 ದಿನ ಬೇರೆ ಕಟ್ಟುವುದು. ಕೃತಕ ಗರ್ಭಧಾರಣೆಯಿಂದ ಇದನ್ನೆಲ್ಲ ತಪ್ಪಿಸಬಹುದಲ್ಲ ಎಂದರೆ, ಕುರಿಯ ಗರ್ಭಕೋಶದ ಕಂಠ ಸುರುಳಿಸುರುಳಿಯಾಗಿದ್ದು ಹಸುವಿನಂತೆ ನಳಿಕೆ ಒಳಹೋಗುವುದಿಲ್ಲ. ಹೆಪ್ಪುಗಟ್ಟಿಸಿದ ವೀರ್ಯಕ್ಕೆ ಹೊಟ್ಟೆಯ ಮೂಲಕ ಲ್ಯಾಪರೋಸ್ಕೋಪಿಯೇ ಆಗಬೇಕು. ತಳಿಯ ವೀರ್ಯವನ್ನು ಕಾಪಿಡಲು ಅದು ಸರಿ, 20 ಕುರಿಯ ಮನೆಗೆ ಕಾಲ್ನಡಿಗೆಯ ಟಗರೇ ಸರಿ.

ಎರಡನೆಯದು ಟಗರುಮರಿಗಳನ್ನು ಬೇರೆ ಮಾಡುವುದು. ಬೀಜ ಒಡೆಸಿ ಎಂದು ಹೇಳಿ ಪ್ರಯೋಜನವಿಲ್ಲ, ಬಕ್ರೀದ್‌ಗೆಂದು ಸಾಕುವವರು ಅದಕ್ಕೆ ಒಪ್ಪುವುದು ಕಷ್ಟ. ನಾಲ್ಕು ತಿಂಗಳಿಗೆ ಬೇರೆ ಕಟ್ಟುವುದೊಂದೇ ದಾರಿ. ಘಟಕದ ಕೊಟ್ಟಿಗೆ ನಕ್ಷೆಯಲ್ಲೇ ಒಂದು ಅಡ್ಡಗೋಡೆ ಹಾಕಿಸಿ. ಮೇಯಲು ಒಟ್ಟಿಗೆ ಬಿಡಲೇಬೇಕಾದರೆ ಮರಿಯ ಹೊಟ್ಟೆಯ ಕೆಳಗೆ ಗೋಣಿತಟ್ಟು ಕಟ್ಟುವ ಹಳೆಯ ರೂಢಿ ಈಗಲೂ ಕೆಲಸ ಮಾಡುತ್ತದೆ, ದಿನಾ ಬಿಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಮೂತ್ರದಿಂದ ಚರ್ಮ ಬೆಂದು ಹುಣ್ಣಾಗುತ್ತದೆ. ಯಾವ ಕುರಿ ಯಾವಾಗ ಕೂಡಿತು ಎಂದು ತಿಳಿಯಲು ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದರೆ ಕುರಿಯ ಬೆನ್ನ ಮೇಲೆ ಗುರುತು ಬೀಳುತ್ತದೆ. 17 ದಿನಕ್ಕೆ ಬಣ್ಣ ಬದಲಿಸಿ. ಅದೇ ಕುರಿಗೆ ಎರಡನೇ ಬಣ್ಣವೂ ಬಿದ್ದರೆ ಅದು ಗಬ್ಬ ನಿಂತಿಲ್ಲ. ಹಲವು ಕುರಿಗಳಿಗೆ ಹೀಗಾದರೆ ಟಗರನ್ನೇ ಪರೀಕ್ಷಿಸಿ, ಇನ್‌ಬ್ರೆಡ್ ಟಗರಿನ ವೀರ್ಯವೂ ಕಳಪೆಯಾಗಿರುತ್ತದೆ.

ಮೂರನೆಯದು ದಾಖಲೆ. 12 ಅಂಕಿಯ ಕಿವಿಯೋಲೆ ಈಗಾಗಲೇ ಇದೆ. ಮರಿಗೆ ಓಲೆ ಹಾಕುವಾಗ ಅಪ್ಪನ ಓಲೆ ಸಂಖ್ಯೆಯನ್ನೂ ಬರೆಸುವುದನ್ನು ಕಡ್ಡಾಯ ಮಾಡಿ. ಮಳವಳ್ಳಿ ತಾಲ್ಲೂಕಿನ ಧನಗೂರು ಕುರಿ ಸಂವರ್ಧನಾ ಕೇಂದ್ರವಿರಲಿ, ಖಾಸಗಿ ಫಾರಂ ಇರಲಿ, ಯೋಜನೆಯ ದುಡ್ಡಿನಲ್ಲಿ ಮಾರಾಟವಾಗುವ ಪ್ರತಿ ಟಗರಿನ ಜೊತೆ ಒಂದು ಚೀಟಿ ಬರಲಿ: ಅಪ್ಪ, ಅಮ್ಮ, ಅಮ್ಮನ ಅಪ್ಪ, ಈ ಮೂರರ ಓಲೆ ಸಂಖ್ಯೆ, ಹುಟ್ಟುತೂಕ, 90 ದಿನದ ತೂಕ. ಈ ಚೀಟಿಯಿಲ್ಲದೆ ಟಗರಿನ ಬಿಲ್ಲು ಪಾಸಾಗಬಾರದು.

ತೂಕದ ಮಾತು ಬಂದದ್ದರಿಂದ ಕ್ಷೇತ್ರ ಸಿಬ್ಬಂದಿಗೆ ಒಂದು ಎಚ್ಚರಿಕೆ. ಹುಟ್ಟಿದ 24 ಗಂಟೆಯೊಳಗೆ, 30ನೇ ದಿನ, 90ನೇ ದಿನ ತೂಗುಹಾಕುವ ತಕ್ಕಡಿಯಲ್ಲಿ ತೂಗಿಸಿದರೆ ಇನ್‌ಬ್ರೀಡಿಂಗ್ ಪತ್ತೆಯಾಗುತ್ತದೆ, ಆದರೆ ಹೋಲಿಕೆ ಸರಿಯಿರಬೇಕು. ಟಗರಿನ ಮಗಳು ಹಾಕಿದ ಮರಿಯನ್ನು ಹಳೆಯ ಕುರಿಯ ಮರಿಯ ಜೊತೆ ಹೋಲಿಸಿದರೆ ಮೋಸಹೋಗುತ್ತೀರಿ. ಚೊಚ್ಚಲ ಕುರಿಯ ಮರಿ ಯಾವ ಟಗರಿನದಾದರೂ ಹಗುರವೇ. ಚೊಚ್ಚಲನ್ನು ಚೊಚ್ಚಲಿನ ಜೊತೆ, ಒಂಟಿಯನ್ನು ಒಂಟಿಯ ಜೊತೆ, ಅದೇ ಹಂಗಾಮಿನಲ್ಲಿ, ಅದೇ ಮೇವಿನಲ್ಲಿ ಹೋಲಿಸಬೇಕು. ಅಪ್ಪನಿಗೆ ಕೂಡಿದ ಚೊಚ್ಚಲುಗಳ ಮರಿ, ಹೊರ ಟಗರಿಗೆ ಕೂಡಿದ ಚೊಚ್ಚಲುಗಳ ಮರಿಗಿಂತ ಹಗುರವಾಗಿದ್ದರೆ ಅನುಮಾನಕ್ಕೆ ಆಧಾರವಿದೆ.

ಕೊನೆಯದಾಗಿ, ಸಾವಿನ ಲೆಕ್ಕ. ಸತ್ತ ಕುರಿಗೆ ಸರ್ಕಾರ ಹಣ ಕೊಡುವ ಅನುಗ್ರಹ ಯೋಜನೆಯ ಪರಿಹಾರ ಶುರುವಾಗುವುದು ಮೂರು ತಿಂಗಳು ದಾಟಿದ ಮರಿಗಳಿಂದ. ಇನ್‌ಬ್ರೀಡಿಂಗ್ ಹೆಚ್ಚು ಮರಿಗಳನ್ನು ಕೊಲ್ಲುವುದು ಅದಕ್ಕೆ ಮುಂಚೆ, ಅದರಲ್ಲೂ ಮೊದಲ ಹತ್ತು ದಿನದಲ್ಲಿ. ದುಡ್ಡು ಬರುವುದಿಲ್ಲವಾದ್ದರಿಂದ ಯಾರೂ ತಿಳಿಸುವುದಿಲ್ಲ, ತಿಳಿಸದ್ದರಿಂದ ನಿಮ್ಮ ಅಂಕಿಅಂಶಗಳಲ್ಲಿ ಆ ಮರಿಗಳು ಹುಟ್ಟಿಯೇ ಇಲ್ಲ. ಪರಿಹಾರ ವಿಸ್ತರಿಸಿ ಎಂದು ನಾವು ಕೇಳುತ್ತಿಲ್ಲ. ಘಟಕ ಪಡೆದ ಪ್ರತಿ ಮನೆಯಿಂದ ಎರಡು ವರ್ಷ, ಹುಟ್ಟಿದ ಮರಿ ಎಷ್ಟು, 90 ದಿನಕ್ಕೆ ಉಳಿದದ್ದು ಎಷ್ಟು, ಅಪ್ಪ ಯಾವುದು ಎಂಬ ಮೂರು ಕಲಂ ಬರೆಸಿಕೊಳ್ಳಿ. ಮುಂದಿನ ಕಂತಿನ ಘಟಕಗಳ ಅರ್ಜಿ ನಮೂನೆ ಮುದ್ರಣಕ್ಕೆ ಹೋಗುವ ಮೊದಲೇ ಈ ಮೂರು ಕಲಂ ಅದರಲ್ಲಿ ಸೇರಬೇಕು.

ಇಂತಿ,
ಮಂಡ್ಯ–ಮೈಸೂರು ಸೀಮೆಯ ಬಂಡೂರು ಕುರಿ ಸಾಕಣೆದಾರರು